ಗೋಡೆಯ ಪೋಸ್ಟರ್ ಬಿಟ್ಟು ಸ್ನೇಹಾ ಕ್ಲಿನಿಕ್‌ಗೆ

‘ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ’ ಎಂಬ ಪೋಸ್ಟರನ್ನು ಬಸ್ ನಿಲ್ದಾಣದ ಗೋಡೆಯ ಮೇಲೆ ನಾವೆಲ್ಲರೂ ಓದಿದ್ದೇವೆ. ಓದಿಯೇ ಇಲ್ಲ ಎನ್ನುವವರನ್ನು ನಾನಂತೂ ನಂಬುವುದಿಲ್ಲ. ಆದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ನಮ್ಮ ವಯಸ್ಸಿನವರಿಗಾಗಿಯೇ ‘ಸ್ನೇಹಾ ಕ್ಲಿನಿಕ್’ ಇರುವುದು ಹೆಚ್ಚಿನವರಿಗೆ ಗೊತ್ತಿಲ್ಲ.

ಮೊದಲು ಪೋಸ್ಟರಿನ ವಿಷಯ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ, ಮುಟ್ಟಿನ ದೋಷ ಸರಿಪಡಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾನೂನೇ ನಿಷೇಧಿಸಿದೆ. ವಾಣಿಜ್ಯ ವಿದ್ಯಾರ್ಥಿಗಳಿಗೆ ಒಂದು ಮಾತು: ಗ್ರಾಹಕ ಸಂರಕ್ಷಣೆಯ ಪಾಠದಲ್ಲಿ ಬಿಲ್ ಕೇಳಿ ಪಡೆಯಿರಿ ಎಂದು ಓದುತ್ತೇವಲ್ಲ, ಅಲ್ಲಿ ಬಿಲ್ ಕೇಳಿ ನೋಡಿ! ಹುಡುಗರಿಗೆ ಅವರು ಹೆಚ್ಚಾಗಿ ಮಾರುವುದು ಭಯವನ್ನೇ. ನಿದ್ದೆಯಲ್ಲಿ ವೀರ್ಯ ಹೋಗುವುದು ರೋಗವಲ್ಲ, ಅದರಿಂದ ಶಕ್ತಿ ಕುಂದುವುದೂ ಇಲ್ಲ. ನಮ್ಮ ದೀನಿನಲ್ಲಿ ಅದು ಪ್ರಾಯಕ್ಕೆ ಬಂದ ಗುರುತು. ಅದಕ್ಕೆ ಬೇಕಾದದ್ದು ಗುಸ್ಲ್, ಔಷಧಿಯಲ್ಲ.

ಹುಡುಗಿಯರಿಗೆ ಸ್ವಲ್ಪ ಬಿಳಿ ಸ್ರಾವ ಸಹಜ. ತುರಿಕೆ, ಕೆಟ್ಟ ವಾಸನೆ, ಮೊಸರಿನಂತೆ ಗಟ್ಟಿಯಾಗಿ ಹೋಗುವುದು ಇದ್ದರೆ ವೈದ್ಯರಿಗೆ ತೋರಿಸಬೇಕು. ಮುಟ್ಟಿನ ಬಟ್ಟೆಯನ್ನು ಸೋಪಿನಲ್ಲಿ ಒಗೆದು ಬಿಸಿಲಿಗೇ ಹಾಕಬೇಕು. ಯಾರಾದರೂ ನೋಡಿಯಾರು ಎಂದು ದುಪಟ್ಟಾದ ಅಡಿಯಲ್ಲಿ ಒದ್ದೆಯಾಗಿಯೇ ಮುಚ್ಚಿಡುವುದು ಸೋಂಕಿಗೆ ದಾರಿ. ತೊಡೆಸಂದಿಯ ತುರಿಕೆಗೆ ಮೆಡಿಕಲ್‌ನಲ್ಲಿ ಕೇಳಿ ತರುವ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ನಾಲ್ಕು ದಿನ ಕಡಿಮೆಯಾದಂತೆ ಕಂಡು, ಆಮೇಲೆ ಹುಳುಕಡ್ಡಿ ಇನ್ನಷ್ಟು ಹರಡುತ್ತದೆ.

ಒಂದನ್ನು ಮಾತ್ರ ಹುಡುಗರು ಮರೆಯಬಾರದು. ವೃಷಣದಲ್ಲಿ ಇದ್ದಕ್ಕಿದ್ದಂತೆ ಜೋರಾಗಿ ನೋವು ಬಂದರೆ ಅದು ಒಳಗೆ ತಿರುಚಿಕೊಂಡಿರಬಹುದು. ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಅದನ್ನು ಉಳಿಸುವುದು ಕಷ್ಟ. ಶರಮ್ ಎಂದು ಬೆಳಗಾಗುವವರೆಗೆ ಕಾಯುವ ನೋವಲ್ಲ ಅದು. ರಾತ್ರಿಯಾದರೂ ಅಬ್ಬಾ ಅಮ್ಮಿಯನ್ನು ಎಬ್ಬಿಸಿ.

ಶರಮ್ ಬಗ್ಗೆ ಇನ್ನೊಂದು ಮಾತು. ಮದೀನಾದ ಅನ್ಸಾರಿ ಮಹಿಳೆಯರು ಮುಟ್ಟಿನ ಶುದ್ಧಿಯ ಬಗ್ಗೆ ಸಂಕೋಚಪಡದೆ ಕೇಳಿ ತಿಳಿದುಕೊಳ್ಳುತ್ತಿದ್ದರೆಂದು ಹಜ಼್ರತ್ ಆಯಿಷಾ ಅವರು ಮೆಚ್ಚಿದ್ದು ಹದೀಸಿನಲ್ಲಿದೆ. ಹಯಾ ಇರಲಿ, ಕೇಳುವುದೂ ಇರಲಿ.

ಇನ್ನು ಎಲ್ಲಿಗೆ ಹೋಗುವುದು? 10ರಿಂದ 19 ವರ್ಷದವರಿಗಾಗಿ ಕೇಂದ್ರ ಸರ್ಕಾರ 2014ರಲ್ಲಿ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಆರಂಭಿಸಿತು. ಅದರ ಕ್ಲಿನಿಕ್‌ಗೆ ಕರ್ನಾಟಕದಲ್ಲಿ ಸ್ನೇಹಾ ಕ್ಲಿನಿಕ್ ಎಂಬ ಹೆಸರು. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಹಣ ಕೊಡಬೇಕಾಗಿಲ್ಲ. ಮೂತ್ರದಲ್ಲಿ ಉರಿ, ಕೀವು, ಜನನಾಂಗದ ಹುಣ್ಣು ಇಂಥವುಗಳಿಗೆ ‘ಸುರಕ್ಷಾ ಕ್ಲಿನಿಕ್’ ಇದೆ. ಎಚ್‌ಐವಿ ಪರೀಕ್ಷೆ ಐಸಿಟಿಸಿ ಕೇಂದ್ರದಲ್ಲಿ ಉಚಿತ. ಪರೀಕ್ಷೆಗೆ ಮೊದಲೂ ಆಮೇಲೂ ಆಪ್ತಸಮಾಲೋಚಕರು ಮಾತಾಡುತ್ತಾರೆ, ಫಲಿತಾಂಶವನ್ನು ಗುಟ್ಟಾಗಿಡಬೇಕೆಂದು 2017ರ ಕಾಯ್ದೆ ಹೇಳುತ್ತದೆ. 18 ತುಂಬದವರ ಪರೀಕ್ಷೆಗೆ ಪೋಷಕರ ಒಪ್ಪಿಗೆ ಕೇಳುತ್ತಾರೆ. ಅಂದಹಾಗೆ, ದಾವತ್‌ನಲ್ಲಿ ಒಂದೇ ತಟ್ಟೆಯಲ್ಲಿ ಉಂಡರೆ ಎಚ್‌ಐವಿ ಹರಡುವುದಿಲ್ಲ.

ಗುಟ್ಟಿಗೆ ಒಂದು ಮಿತಿಯಿದೆ, ಅದನ್ನೂ ತಿಳಿದಿರಬೇಕು. 18ರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ, ಪೋಕ್ಸೊ ಕಾಯ್ದೆಯಂತೆ ವೈದ್ಯರೂ ಶಿಕ್ಷಕರೂ ಪೊಲೀಸರಿಗೆ ತಿಳಿಸಲೇಬೇಕು. ಅದು ನಿಮ್ಮನ್ನು ಸಿಕ್ಕಿಸಲು ಅಲ್ಲ. ದೌರ್ಜನ್ಯ ಮಾಡಿದವನು ಸಂಬಂಧಿಯಾಗಿದ್ದರೂ ತಪ್ಪು ಅವನದೇ.

ಮುಖ ತೋರಿಸಿ ಕೇಳಲು ಆಗದಿದ್ದರೆ ಫೋನ್ ಇದೆ. ಎಚ್‌ಐವಿ ಮತ್ತು ಲೈಂಗಿಕ ಸೋಂಕುಗಳ ಬಗ್ಗೆ 1097, ಮಕ್ಕಳ ಸಹಾಯವಾಣಿ 1098, ಮನಸ್ಸು ತೀರಾ ಕುಗ್ಗಿದ್ದರೆ 14416. ಆಸ್ಪತ್ರೆಗೆ ಹೋಗುವವರು ಯಾವಾಗಿನಿಂದ ತೊಂದರೆ, ಏನೇನು ಔಷಧಿ ಹಚ್ಚಿದ್ದೀರಿ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕನ್ನಡದ ಪದ ತೋಚದಿದ್ದರೆ ‘ಪೇಶಾಬ್ ಮೇ ಜಲನ್’ ಎಂದೇ ಬರೆಯಿರಿ, ವೈದ್ಯರಿಗೆ ಅರ್ಥವಾಗುತ್ತದೆ.