ಕಥೆಯನ್ನು ಚಿತ್ರಕ್ಕಿಳಿಸಲು ಏಳು ಸೂತ್ರಗಳು

ಮಕ್ಕಳ ಸಾಹಸಕಥೆಯೊಂದನ್ನು ಗ್ರಾಫಿಕ್ ಕಾದಂಬರಿ ಮಾಡುವ ಆಸೆ ನಿಮಗಿದೆಯೇ? ಹಾಗಿದ್ದರೆ ಹೋಪ್ ಲಾರ್ಸನ್ ಅವರ ‘ಎ ರಿಂಕಲ್ ಇನ್ ಟೈಮ್’ ಸದಾ ಕೈಗೆಟುಕುವಂತಿರಲಿ. ಮೆಡಲೀನ್ ಲೆಂಗಲ್ ಅವರ 1962ರ ಕಾದಂಬರಿಯನ್ನು ಈ ಅಮೆರಿಕನ್ ಕಲಾವಿದೆ 2012ರಲ್ಲಿ ಚಿತ್ರಕ್ಕಿಳಿಸಿದರು. ಮರುವರ್ಷವೇ ಐಸ್ನರ್ ಪ್ರಶಸ್ತಿ ಬಂತು. ಕಾಣೆಯಾದ ಅಪ್ಪನನ್ನು ಹುಡುಕುತ್ತಾ ಮೆಗ್ ಎಂಬ ಹುಡುಗಿ ಬೇರೆ ಗ್ರಹಗಳಿಗೆ ಹೋಗುವ ಕಥೆಯಿದು.

1. ಕಥೆಯ ತಿರುಳನ್ನು ಒಂದು ಸಾಲಿನಲ್ಲಿ ಬರೆಯಿರಿ. ಮೆಗ್ ಗೆಲ್ಲುವುದು ಆಯುಧದಿಂದಲ್ಲ, ತಮ್ಮನ ಮೇಲಿನ ಪ್ರೀತಿಯಿಂದ. ಇಂಥ ಸಾಲೊಂದು ಕಣ್ಣೆದುರಿಗಿದ್ದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಗೊಂದಲವಿರದು.

2. ಹಕ್ಕು ಕೇಳಿ ಪಡೆಯಿರಿ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಅನುಮತಿ ಪತ್ರ ಕೈಸೇರಿದ ಮೇಲೆಯೇ ಪೆನ್ಸಿಲ್ ಹಿಡಿಯಿರಿ.

3. ಚಿತ್ರ ಹೇಳಿದ್ದನ್ನು ಮಾತು ಮತ್ತೆ ಹೇಳದಿರಲಿ. ಹೊರಗೆ ಬಿರುಗಾಳಿ, ಅಟ್ಟದ ಕೋಣೆಯಲ್ಲಿ ಹಳೆಯ ಕೌದಿ ಹೊದ್ದು ಕೂತ ಹುಡುಗಿ. ಇಷ್ಟನ್ನು ಬಿಡಿಸಿದ ಮೇಲೆ ‘ಅವಳಿಗೆ ಭಯವಾಗಿತ್ತು’ ಎಂದು ಬರೆಯುವ ಅಗತ್ಯವೇ ಇಲ್ಲ.

4. ಗಹನವಾದುದನ್ನು ಬಟ್ಟೆಯ ಮಡಿಕೆಯಲ್ಲಿ ತೋರಿಸಿ. ದೇಶಕಾಲವನ್ನು ದಾಟುವ ಬಗೆಯನ್ನು ಲೆಂಗಲ್ ವಿವರಿಸಿದ್ದು ಹೀಗೆ: ಉಡುಪಿನ ಅಂಚನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದರೆ ಈ ಕೈಯಿಂದ ಆ ಕೈಗೆ ಹೋಗುವ ಹುಳುವಿಗೆ ದಾರಿ ದೂರ. ಕೈಗಳನ್ನು ಕೂಡಿಸಿದರೆ ಬಟ್ಟೆ ಮಡಚಿಕೊಂಡು, ಹುಳು ಒಂದೇ ಹೆಜ್ಜೆಗೆ ಆಚೆ ಕೈಯಲ್ಲಿರುತ್ತದೆ! ವಿಜ್ಞಾನದ ಒಂದು ಪಾಠವನ್ನು ಹೀಗೆ ಕೆಲವೇ ಪ್ಯಾನೆಲ್‌ಗಳಲ್ಲಿ ಮುಗಿಸಬಹುದು.

5. ಬಣ್ಣ ಮಿತವಾಗಿರಲಿ. ಸುಮಾರು 400 ಪುಟಗಳ ಪುಸ್ತಕಕ್ಕೆ ಲಾರ್ಸನ್ ಬಳಸಿದ್ದು ಕಪ್ಪು, ಬಿಳಿ, ನೀಲಿ ಮಾತ್ರ. ಬೇರೆ ಲೋಕಗಳನ್ನು ಕಟ್ಟಲು ಅವರಿಗೆ ಅಷ್ಟೇ ಸಾಕಾಯಿತು.

6. ಪ್ಯಾನೆಲ್‌ಗೂ ತಾಳವಿರಲಿ. ಮೆಗ್ ಹೋಗುವ ಕಮಜಾಟ್ಸ್ ಗ್ರಹದಲ್ಲಿ ಮನೆಗಳೆಲ್ಲ ಒಂದೇ ಅಚ್ಚು. ಮಕ್ಕಳು ಒಂದೇ ಲಯದಲ್ಲಿ ಚೆಂಡು ಪುಟಿಸುತ್ತಾರೆ. ಒಬ್ಬ ಹುಡುಗನ ಚೆಂಡು ಮಾತ್ರ ತಾಳ ತಪ್ಪುತ್ತದೆ. ಇಂಥ ಕಡೆ ಒಂದೇ ಅಳತೆಯ ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿ, ಚೆಂಡು ಜಾರುವಲ್ಲಿ ಆ ಅಳತೆಯನ್ನು ಮುರಿಯಿರಿ. ಓದುಗರ ಎದೆ ಧಸಕ್ಕೆನ್ನುತ್ತದೆ. ಕನ್ನಡದಲ್ಲಿ ಮಾಡುವವರಿಗೆ ಇನ್ನೊಂದು ಮಾತು: ಒತ್ತಕ್ಷರಗಳು ಕೆಳಗಿಳಿಯುವುದರಿಂದ ಮಾತಿನ ಬಲೂನಿನಲ್ಲಿ ಸಾಲುಗಳ ನಡುವೆ ಧಾರಾಳ ಜಾಗ ಬಿಡಿ.

7. ಮಗುವಿಗೆ ತೋರಿಸಿ, ತಿದ್ದಿ, ಮತ್ತೆ ಕಳಿಸಿ. ಕರಡನ್ನು ಓದುವ ಮಗು ಎಲ್ಲಿ ಪುಟವನ್ನು ಹಿಂದಕ್ಕೆ ತಿರುವುತ್ತದೋ ಅಲ್ಲಿ ನಿಮ್ಮ ಚಿತ್ರ ಎಡವಿರಬಹುದು. ಬೇಸರಿಸದೆ ಆ ಪುಟವನ್ನು ಮತ್ತೆ ಬಿಡಿಸಿ. ಪ್ರಕಾಶಕರು ಬೇಡವೆಂದರೂ ಕೈಬಿಡಬೇಡಿ. ಲೆಂಗಲ್ ಅವರ ಹಸ್ತಪ್ರತಿಯನ್ನು 20ಕ್ಕೂ ಹೆಚ್ಚು ಪ್ರಕಾಶಕರು ತಿರಸ್ಕರಿಸಿದ್ದರು. ಅದೇ ಕಥೆಗೆ 1963ರಲ್ಲಿ ನ್ಯೂಬೆರಿ ಪದಕ ಬಂತು. ಸುಮಾರು ಐವತ್ತು ವರ್ಷಗಳ ಬಳಿಕ ಲಾರ್ಸನ್ ಅವರ ಕುಂಚಕ್ಕೂ ಅದು ಕಥೆ ಕೊಟ್ಟಿತು.