ಗ್ಲೌಸ್ ಒಬ್ಬರದು, ಉಬ್ಬಸ ಇನ್ನೊಬ್ಬರದು

ಈ ಸಲ ಒಂದೇ ವಿಷಯದ ಪತ್ರಗಳನ್ನು ಆರಿಸಿಕೊಂಡಿದ್ದೇನೆ: ರಬ್ಬರ್ ಹಾಲಿನ, ಅಂದರೆ ಲೇಟೆಕ್ಸ್‌ನ ಅಲರ್ಜಿ. ಹಾಲು ಕುಡಿದರೆ ಆಗದವರು ಹಾಲು ಬಿಟ್ಟರೆ ಸಾಕು. ಲೇಟೆಕ್ಸ್ ಆಗದವರು ತಾವು ಮುಟ್ಟದೆ ಇದ್ದರೂ ಪಕ್ಕದವರ ಗ್ಲೌಸಿನಿಂದ, ಗೋಡೆಗೆ ಕಟ್ಟಿದ ಬಲೂನಿನಿಂದ ನರಳಬಹುದು. ಆದ್ದರಿಂದ ಈ ಅಂಕಣವನ್ನು ಅಲರ್ಜಿ ಇಲ್ಲದವರೂ ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಾನು ಆಪರೇಷನ್ ಥಿಯೇಟರಿನಲ್ಲಿ ಸ್ಟಾಫ್ ನರ್ಸ್. ಮೊದಮೊದಲು ಗ್ಲೌಸ್ ಹಾಕಿದರೆ ಕೈ ತುರಿಸುತ್ತಿತ್ತು, ಅಷ್ಟೆ. ಈಗ ಒಂದು ವರ್ಷದಿಂದ ಥಿಯೇಟರಿಗೆ ಕಾಲಿಟ್ಟ ಹತ್ತು ನಿಮಿಷಕ್ಕೆ ಸೀನು, ಕಣ್ಣುರಿ, ಕೆಲವು ದಿನ ಎದೆ ಬಿಗಿತ. ನನಗೊಬ್ಬಳಿಗೆ ನೈಟ್ರೈಲ್ ಗ್ಲೌಸ್ ಕೊಟ್ಟಿದ್ದಾರೆ. ಆದರೂ ಕಡಿಮೆಯಾಗಿಲ್ಲ. ರಜೆಯ ದಿನ ಏನೂ ಇರುವುದಿಲ್ಲ. ಏನು ಕಾರಣ?
— ಸ್ಟಾಫ್ ನರ್ಸ್, ಮಂಗಳೂರು

ಉತ್ತರ: ಕಾರಣ ನಿಮ್ಮ ಕೈಯಲ್ಲಿಲ್ಲ, ಥಿಯೇಟರಿನ ಗಾಳಿಯಲ್ಲಿದೆ. ನಾನು ಹೌಸ್ ಸರ್ಜನ್ ಆಗಿದ್ದಾಗಿನ ಒಂದು ಬೆಳಗ್ಗೆ ನೆನಪಾಗುತ್ತದೆ. ಡ್ರೆಸಿಂಗ್ ಮುಗಿಸಿದ ಸಿಸ್ಟರ್ ಕಿಟಕಿಯ ಬಳಿ ನಿಂತು ಗ್ಲೌಸನ್ನು ಪಟ್ಟನೆ ಎಳೆದು ತೆಗೆದರು. ಬಿಸಿಲುಕೋಲಿನಲ್ಲಿ ಬಿಳಿ ಪುಡಿ ಹೊಗೆಯಂತೆ ಎದ್ದು, ಬಹಳ ಹೊತ್ತು ಅಲ್ಲೇ ತೇಲುತ್ತಿತ್ತು. ಆ ಪುಡಿ ಮೆಕ್ಕೆಜೋಳದ ಪಿಷ್ಟ. ಗ್ಲೌಸ್ ಸಲೀಸಾಗಿ ಹಾಕಿಕೊಳ್ಳಲೆಂದು ಒಳಗೆ ಸವರಿರುತ್ತಾರೆ. ಪುಡಿ ತಾನಾಗಿ ಅಲರ್ಜಿ ತರುವುದು ಅಪರೂಪ. ಆದರೆ ರಬ್ಬರ್ ಮರದ ಹಾಲಿನ ಪ್ರೋಟೀನು ಅದಕ್ಕೆ ಅಂಟಿಕೊಳ್ಳುತ್ತದೆ. ಜೊತೆಯವರು ಗ್ಲೌಸ್ ಹಾಕಿ ತೆಗೆದಾಗಲೆಲ್ಲ ಪುಡಿ ಹಾರಿ, ಗಂಟೆಗಟ್ಟಲೆ ಗಾಳಿಯಲ್ಲಿದ್ದು, ನಿಮ್ಮ ಮೂಗು, ಶ್ವಾಸಕೋಶ ಸೇರುತ್ತದೆ. ನೀವೊಬ್ಬರೇ ಲೇಟೆಕ್ಸ್ ಇಲ್ಲದ ನೈಟ್ರೈಲ್ ಹಾಕಿದರೆ ನಿಮ್ಮ ಚರ್ಮ ಉಳಿಯಬಹುದು, ಉಸಿರು ಉಳಿಯುವುದಿಲ್ಲ.

ಇದು ಹೊಸ ಸಂಗತಿಯಲ್ಲ. ಏಡ್ಸ್ ಭೀತಿ ಹಬ್ಬಿದ್ದ 1987ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಯಾವುದೇ ರೋಗಿಯ ರಕ್ತ ಮುಟ್ಟುವಾಗಲೂ ಗ್ಲೌಸ್ ಬೇಕು ಎಂದಿತು. ಸಲಹೆ ಸರಿಯಾದದ್ದೇ. ಆದರೆ ಗ್ಲೌಸಿನ ಬಳಕೆ ಒಮ್ಮೆಗೇ ಏರಿ, ಅದರ ಬೆನ್ನಿಗೇ ನರ್ಸ್‌ಗಳು, ದಂತವೈದ್ಯರು, ಲ್ಯಾಬ್ ಸಿಬ್ಬಂದಿಯಲ್ಲಿ ಈ ಅಲರ್ಜಿ ಹೆಚ್ಚಿತು. 1990ರ ದಶಕದ ಕೊನೆಗೆ ಜರ್ಮನಿ ಪುಡಿ ಹಾಕಿದ ಲೇಟೆಕ್ಸ್ ಗ್ಲೌಸನ್ನು ಕೆಲಸದ ಜಾಗಗಳಿಂದ ಹೊರಗಿಟ್ಟಿತು. ಅಲ್ಲಿ ಹೊಸ ಪ್ರಕರಣಗಳು ಇಳಿದವು. ಅಮೆರಿಕ 2017ರ ಜನವರಿಯಿಂದ ವೈದ್ಯಕೀಯ ಬಳಕೆಯ ಪುಡಿ ಗ್ಲೌಸನ್ನೇ ನಿಷೇಧಿಸಿತು.

ಹಾಗಾಗಿ ನಿಮ್ಮ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಬರಹದಲ್ಲೇ ಕೇಳಿ: ನನಗೆ ಲೇಟೆಕ್ಸ್ ಇಲ್ಲದ ಗ್ಲೌಸ್, ನನ್ನ ಜೊತೆ ಕೆಲಸ ಮಾಡುವ ಎಲ್ಲರಿಗೂ ಕನಿಷ್ಠ ಪುಡಿರಹಿತ ಗ್ಲೌಸ್. ಈ ಎರಡನೆಯದೇ ಮುಖ್ಯ. ಪುಡಿ ಕೂತಿರುವ ಎ.ಸಿ. ಫಿಲ್ಟರು, ಕಪಾಟುಗಳನ್ನೂ ಒಮ್ಮೆ ಶುಚಿ ಮಾಡಿಸಲಿ. ನೀವು ತಡಮಾಡದೆ ಅಲರ್ಜಿ ತಜ್ಞರನ್ನೋ ಶ್ವಾಸಕೋಶ ತಜ್ಞರನ್ನೋ ಕಾಣಿ. ತುರಿಕೆಯಿಂದ ಸೀನಿಗೆ, ಸೀನಿನಿಂದ ಎದೆ ಬಿಗಿತಕ್ಕೆ ಬಂದಿದ್ದೀರಿ. ಹೀಗೇ ಬಿಟ್ಟರೆ ಥಿಯೇಟರ್ ಬಿಟ್ಟ ಮೇಲೂ ಅಸ್ತಮಾ ಉಳಿದುಬಿಡಬಹುದು.

ಪ್ರಶ್ನೆ: ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ. ರಬ್ಬರ್ ಗ್ಲೌಸ್ ಹಾಕಿದ ಮಾರನೆಯ ದಿನ ಮಣಿಕಟ್ಟಿನವರೆಗೆ ಕೆಂಪಗೆ ದದ್ದು, ನೀರುಗುಳ್ಳೆ. ಇದೂ ಲೇಟೆಕ್ಸ್ ಅಲರ್ಜಿಯೇ?
— ಹುಬ್ಬಳ್ಳಿ

ಉತ್ತರ: ಗ್ಲೌಸಿನಿಂದ ಮೂರು ಬಗೆಯ ತೊಂದರೆ ಬರುತ್ತದೆ. ಬೆವರು, ಸೋಪು, ತಿಕ್ಕಾಟದಿಂದ ಕೈ ಒಣಗಿ ಬಿರಿಯುವುದು ಒಂದು. ಇದು ಅಲರ್ಜಿಯೇ ಅಲ್ಲ. ಎರಡನೆಯದು, ರಬ್ಬರನ್ನು ಗಟ್ಟಿಗೊಳಿಸಲು ಕಾರ್ಖಾನೆಯಲ್ಲಿ ಬೆರೆಸುವ ರಾಸಾಯನಿಕಗಳ ಅಲರ್ಜಿ. ಇದು ಒಂದೆರಡು ದಿನ ಕಳೆದು ಕಾಣಿಸಿಕೊಳ್ಳುತ್ತದೆ, ಗ್ಲೌಸ್ ಮುಟ್ಟಿದಷ್ಟು ಜಾಗಕ್ಕೆ ಗಡಿ ಎಳೆದಂತೆ ಇರುತ್ತದೆ. ನಿಮ್ಮದು ಇದೇ ಇರಬೇಕು. ಮೂರನೆಯದು, ರಬ್ಬರ್ ಹಾಲಿನ ಪ್ರೋಟೀನಿನ ಅಲರ್ಜಿ. ಇದು ನಿಮಿಷಗಳಲ್ಲಿ ಬರುತ್ತದೆ. ಪಿತ್ತದ ಗಂಧೆ, ತುಟಿ ಊತ, ಸೀನು, ಉಬ್ಬಸ, ಕೆಲವೊಮ್ಮೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು.

ನಿಮ್ಮ ಬಗೆಯ ಅಲರ್ಜಿಗೆ ಪ್ಯಾಚ್ ಟೆಸ್ಟ್ ಎಂಬ ಪರೀಕ್ಷೆ ಇದೆ, ಚರ್ಮರೋಗ ತಜ್ಞರು ಮಾಡುತ್ತಾರೆ. ನೈಟ್ರೈಲ್ ಗ್ಲೌಸುಗಳಲ್ಲೂ ಕೆಲವಕ್ಕೆ ಇಂಥದ್ದೇ ರಾಸಾಯನಿಕ ಹಾಕಿರುತ್ತಾರೆ. ಅದಕ್ಕೆ ಬದಲಾಯಿಸಿದರೂ ದದ್ದು ಹೋಗದಿದ್ದರೆ ಗಾಬರಿಯಾಗಬೇಡಿ. ಒಳಗೆ ತೆಳು ಹತ್ತಿ ಗ್ಲೌಸ್ ಹಾಕಿ, ಮೇಲೆ ವಿನೈಲ್ ಗ್ಲೌಸ್ ಹಾಕಿ ನೋಡಿ.

ನಿಮ್ಮ ಮಾಲೀಕರಿಗೂ ಒಂದು ಮಾತು. ಲೇಟೆಕ್ಸ್ ಗ್ಲೌಸ್ ಹಾಕಿ ಸಲಾಡ್ ಹೆಚ್ಚಿದರೆ, ಚಪಾತಿ ಬಡಿಸಿದರೆ ಅದರ ಪ್ರೋಟೀನು ತಿಂಡಿಗೂ ಹತ್ತುತ್ತದೆ. ಅಲರ್ಜಿ ಇರುವ ಗಿರಾಕಿಗೆ ತಟ್ಟೆಯ ಮುಂದೆಯೇ ಗಂಟಲು ಊದಿಕೊಳ್ಳಬಹುದು. ಕ್ಯಾಲಿಫೋರ್ನಿಯಾ ಸೇರಿದಂತೆ ಅಮೆರಿಕದ ಹಲವು ರಾಜ್ಯಗಳು ಇದಕ್ಕೆಂದೇ ಹೋಟೆಲುಗಳಲ್ಲಿ ಲೇಟೆಕ್ಸ್ ಗ್ಲೌಸ್ ಬಳಸುವಂತಿಲ್ಲ ಎಂದಿವೆ. ಆಹಾರ ಮುಟ್ಟುವ ಕೈಗೆ ವಿನೈಲ್ ಅಥವಾ ನೈಟ್ರೈಲ್ ಗ್ಲೌಸೇ ಸರಿ.

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಹುಟ್ಟುವಾಗಲೇ ಬೆನ್ನುಮೂಳೆ ಕೂಡಿರಲಿಲ್ಲ, ಸ್ಪೈನಾ ಬೈಫಿಡಾ ಎಂದರು. ನಾಲ್ಕು ಆಪರೇಷನ್ ಆಗಿದೆ. ದಿನಾ ಟ್ಯೂಬ್ ಹಾಕಿ ಮೂತ್ರ ತೆಗೆಯುತ್ತೇವೆ. ಹೋದ ತಿಂಗಳು ಶಾಲೆಯಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಬಲೂನು ಊದುತ್ತಿದ್ದವನಿಗೆ ತುಟಿ ಊದಿ, ಮೈತುಂಬಾ ಗಂಧೆ ಎದ್ದಿತು. ಬಲೂನು ಬೇಡವೆಂದರೆ ಮಕ್ಕಳ ಸಂತೋಷ ಯಾಕೆ ಹಾಳು ಮಾಡುತ್ತೀರಿ ಅನ್ನುತ್ತಾರೆ.
— ದಾವಣಗೆರೆ

ಉತ್ತರ: ಅಮ್ಮಾ, ನೀವು ಯಾರ ಸಂತೋಷವನ್ನೂ ಹಾಳು ಮಾಡುತ್ತಿಲ್ಲ. ನಿಮ್ಮ ಮಗ ಈ ಅಲರ್ಜಿಯ ಅತಿ ದೊಡ್ಡ ಅಪಾಯದ ಗುಂಪಿನಲ್ಲಿದ್ದಾನೆ. ಸ್ಪೈನಾ ಬೈಫಿಡಾ ಇರುವ ಮಕ್ಕಳಿಗೆ ಹುಟ್ಟಿದಾಗಿನಿಂದ ಮೇಲಿಂದ ಮೇಲೆ ಆಪರೇಷನ್, ದಿನವೂ ಕ್ಯಾಥೆಟರ್. ರಬ್ಬರಿನ ಪ್ರೋಟೀನು ಅವರ ಮೈಯೊಳಕ್ಕೆ ಮತ್ತೆ ಮತ್ತೆ ಹೋಗಿ, ದೇಹ ಅದನ್ನು ಶತ್ರು ಎಂದು ಗುರುತಿಟ್ಟುಕೊಳ್ಳುತ್ತದೆ. ಊದುವ ಬಲೂನು ಬಾಯಿಗೇ ತಾಗುತ್ತದೆ. ಒಡೆದ ಬಲೂನಿನ ಕಣ ಗಾಳಿಗೆ ಹಾರುತ್ತದೆ. ಆ ದಿನ ತುಟಿ ಊತ, ಗಂಧೆಯಲ್ಲಿ ಮುಗಿಯಿತು. ಮುಂದಿನ ಸಲವೂ ಅಷ್ಟಕ್ಕೇ ನಿಲ್ಲುತ್ತದೆಂಬ ಭರವಸೆಯನ್ನು ಯಾವ ವೈದ್ಯರೂ ಕೊಡಲಾರರು.

ಶಾಲೆಗೆ ವೈದ್ಯರ ಪತ್ರ ಕೊಡಿ. ಅವನ ತರಗತಿಯಲ್ಲಷ್ಟೇ ಅಲ್ಲ, ಶಾಲೆಯ ಕಟ್ಟಡದಲ್ಲೇ ರಬ್ಬರ್ ಬಲೂನು ಬೇಡ ಎಂದು ಬರೆಸಿ. ಮಾವಿನ ತೋರಣ, ಬಣ್ಣದ ಕಾಗದ, ಹೂವು, ಮಿರಿಮಿರಿ ಹೊಳೆಯುವ ಫಾಯಿಲ್ ಬಲೂನು ಇವೆಯಲ್ಲ. ಉಳಿದ ಮಕ್ಕಳಿಗೆ ಟೀಚರು ವಿಷಯವನ್ನು ಸರಳವಾಗಿ ಹೇಳಿದರೆ, ಅವನ ಗೆಳೆಯರೇ ಅವನಿಗೆ ಕಾವಲಾಗುತ್ತಾರೆ.

ಮನೆಯಲ್ಲಿ ಬಳಸುವ ಟ್ಯೂಬು ಪೂರ್ತಿ ಸಿಲಿಕೋನಿನದೋ ಎಂದು ನೋಡಿ. ಮೇಲೆ ಸಿಲಿಕೋನ್ ಲೇಪಿಸಿ ಒಳಗೆ ಲೇಟೆಕ್ಸ್ ಇರುವವೂ ಉಂಟು. ಮುಂದೆ ಆಪರೇಷನ್ ಬೇಕಾದರೆ ಅಡ್ಮಿಟ್ ಆಗುವ ದಿನ ಹೇಳಿದರೆ ಸಾಲದು, ದಿನಾಂಕ ಗೊತ್ತು ಮಾಡುವಾಗಲೇ ಸರ್ಜನ್ನರಿಗೂ ಅರಿವಳಿಕೆ ವೈದ್ಯರಿಗೂ ಹೇಳಿ. ಲೇಟೆಕ್ಸ್ ಇಲ್ಲದ ಸಾಮಾನುಗಳನ್ನು ಅವರು ಮೊದಲೇ ಜೋಡಿಸಿಕೊಳ್ಳುತ್ತಾರೆ. ಗಾಳಿಯಲ್ಲಿ ಪುಡಿ ಇರದ ಹೊತ್ತೆಂದು ದಿನದ ಮೊದಲ ಆಪರೇಷನ್ ಆಗಿ ತೆಗೆದುಕೊಳ್ಳುತ್ತಾರೆ.

ಪ್ರಶ್ನೆ: ಲೇಟೆಕ್ಸ್ ಅಲರ್ಜಿ ಎಂದು ಗೊತ್ತಾದ ಮೇಲೆ ಬಾಳೆಹಣ್ಣು ತಿಂದರೂ ಬಾಯಿ ತುರಿಸುತ್ತದೆ. ಹಲಸನ್ನೂ ಬಿಡಬೇಕೇ?
— ಸಾಗರ

ಉತ್ತರ: ರಬ್ಬರ್ ಹಾಲಿನ ಕೆಲವು ಪ್ರೋಟೀನುಗಳನ್ನೇ ಹೋಲುವ ಪ್ರೋಟೀನು ಬಾಳೆ, ಬೆಣ್ಣೆಹಣ್ಣು, ಕಿವಿ, ಪಪ್ಪಾಯಿಗಳಲ್ಲಿದೆ. ಲೇಟೆಕ್ಸ್ ಅಲರ್ಜಿ ಇರುವವರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಬ್ಬರಿಂದ ಅರ್ಧದಷ್ಟು ಮಂದಿಗೆ ಇಂಥ ಯಾವುದಾದರೂ ಹಣ್ಣು ಆಗದು. ನಿಮಗೆ ಬಾಳೆ ತೊಂದರೆ ಕೊಟ್ಟಿದೆ, ಅದನ್ನು ಬಿಡಿ. ಹಲಸಿನ ಮೇಣವೂ ಬಿಳಿ, ಅಂಟಂಟು; ಆದರೆ ಅದು ಬೇರೆ ಮರದ್ದು. ತೊಳೆ ತಿಂದು ಇಲ್ಲಿಯವರೆಗೆ ಏನೂ ಆಗಿಲ್ಲವೆಂದರೆ ಬಿಡಬೇಕಿಲ್ಲ. ಹೆದರಿ ಎಲ್ಲ ಹಣ್ಣು ಬಿಡುವುದು ತಪ್ಪು.

ಪ್ರಶ್ನೆ: ನಮ್ಮದು ರಬ್ಬರ್ ತೋಟ. ಟ್ಯಾಪಿಂಗ್ ಮಾಡುವವರಿಗೂ ಈ ಅಲರ್ಜಿ ಬರುತ್ತದೆಯೇ? ರಬ್ಬರ್ ಚಪ್ಪಲಿ ಹಾಕಬಹುದೇ?
— ಸುಳ್ಯ

ಉತ್ತರ: ಬರಬಹುದು. ಮುಂಜಾನೆ ಕತ್ತಲಲ್ಲೇ ಮರ ಕೆತ್ತಿ, ಗೆರಟೆಯಲ್ಲಿ ತುಂಬಿದ ಹಾಲನ್ನು ಬಕೆಟ್ಟಿಗೆ ಸುರಿಯುವವರ ಕೈಗೆ ದಿನವೂ ಹಸಿ ಹಾಲು ತಾಗುತ್ತದೆ. ಆದರೆ ತೋಟದ ಎಲ್ಲ ತುರಿಕೆಯೂ ಅಲರ್ಜಿಯಲ್ಲ. ಹಾಲು ಹೆಪ್ಪಾಗದಿರಲೆಂದು ಹಾಕುವ ಅಮೋನಿಯಾ, ಶೀಟ್ ಮಾಡುವಾಗ ಹೆಪ್ಪುಗಟ್ಟಿಸಲು ಹಾಕುವ ಫಾರ್ಮಿಕ್ ಆಸಿಡ್ ಕೂಡ ಚರ್ಮವನ್ನು ಸುಡುತ್ತವೆ. ಕೆಲಸ ಮುಗಿದ ಕೂಡಲೇ ಕೈ ತೊಳೆಯಲು ತೋಟದಲ್ಲೇ ನೀರು, ಸೋಪು ಇಡಿಸಿ. ಗಂಧೆ, ಉಬ್ಬಸ ಬಂದವರನ್ನು ಹಾಲಿನ ಕೆಲಸದಿಂದ ಬೇರೆ ಕೆಲಸಕ್ಕೆ ಹಾಕಿ, ಆದರೆ ಕೂಲಿ ಕಡಿಮೆ ಮಾಡಬೇಡಿ.

ಅಲರ್ಜಿ ಇರುವವರಿಗೆ ಚಪ್ಪಲಿ, ಟೈರುಗಳಂಥ ಗಟ್ಟಿ ರಬ್ಬರಿನಿಂದ ಅಪಾಯ ಬಹಳ ಕಡಿಮೆ. ಹಾಲಿನಲ್ಲಿ ಅಚ್ಚು ಅದ್ದಿ ತೆಗೆದು ಮಾಡುವ, ಎಳೆದರೆ ಹಿಗ್ಗುವ ತೆಳು ಸಾಮಾನುಗಳಲ್ಲೇ ಅಪಾಯ ಹೆಚ್ಚು: ಗ್ಲೌಸ್, ಬಲೂನು, ಕಾಂಡೋಮ್. ಗೋಡೆಗೆ ಬಳಿಯುವ ಲೇಟೆಕ್ಸ್ ಪೇಂಟಿನಲ್ಲಿ ರಬ್ಬರ್ ಮರದ ಹಾಲು ಇರುವುದೇ ಇಲ್ಲ.

ಪ್ರಶ್ನೆ: ಅಲರ್ಜಿ ಮಾತ್ರೆ ನುಂಗಿ ಹೋದರೆ ಗ್ಲೌಸ್ ಹಾಕಬಹುದೇ? "ಹೈಪೋಅಲರ್ಜೆನಿಕ್" ಎಂದು ಬರೆದ ಗ್ಲೌಸ್ ಆಗಬಹುದೇ?
— ದಂತವೈದ್ಯಕೀಯ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಎರಡೂ ಬೇಡ. ಮಾತ್ರೆ ತುರಿಕೆಯನ್ನು ಮರೆಸುತ್ತದೆ, ಅಪಾಯವನ್ನು ತಡೆಯುವುದಿಲ್ಲ. ಹೈಪೋಅಲರ್ಜೆನಿಕ್ ಎಂದರೆ ಲೇಟೆಕ್ಸ್ ಇಲ್ಲ ಎಂದರ್ಥವಲ್ಲ. ಪೆಟ್ಟಿಗೆಯ ಮೇಲೆ ನೈಟ್ರೈಲ್, ನಿಯೋಪ್ರೀನ್, ವಿನೈಲ್ ಎಂದು ಯಾವ ವಸ್ತುವಿನ ಹೆಸರಿದೆ ನೋಡಿ. ರಕ್ತ ಪರೀಕ್ಷೆಯಲ್ಲಿ ಅಲರ್ಜಿ ಕಾಣಿಸದಿದ್ದರೂ ಲಕ್ಷಣ ಸ್ಪಷ್ಟವಿದ್ದರೆ ಲಕ್ಷಣವನ್ನೇ ನಂಬಿ, ತಜ್ಞರನ್ನು ಕಾಣಿ.

ಪ್ರಶ್ನೆ: ಹೊಸದಾಗಿ ಸೇರಿದ ಉದ್ಯೋಗಿಯೊಬ್ಬರು ತಮಗೆ ಲೇಟೆಕ್ಸ್ ಅಲರ್ಜಿ ಎಂದಿದ್ದಾರೆ. ನಮ್ಮ ಕಚೇರಿಯಲ್ಲಿ ಏನು ಮಾಡಬೇಕು?
— ಸಿಬ್ಬಂದಿ ವಿಭಾಗದ ಅಧಿಕಾರಿ, ಬೆಂಗಳೂರು

ಉತ್ತರ: ಕೇಳಿದ್ದಕ್ಕೆ ಮೊದಲು ನಿಮಗೆ ವಂದನೆ. ಎಷ್ಟೋ ಜನ ಕೆಲಸ ಹೋದೀತೆಂದು ಹೇಳಿಕೊಳ್ಳುವುದೇ ಇಲ್ಲ. ಮಾಡಬೇಕಾದದ್ದು ಹೆಚ್ಚೇನಿಲ್ಲ. ಶುಚಿ ಮಾಡುವವರ, ಕ್ಯಾಂಟೀನಿನವರ ಗ್ಲೌಸ್ ಬದಲಿಸಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿರುವ ಗ್ಲೌಸ್, ಬ್ಯಾಂಡೇಜುಗಳನ್ನು ನೋಡಿ ಬದಲಿಸಿ. ಹಬ್ಬ, ಹುಟ್ಟುಹಬ್ಬಕ್ಕೆ ಬಲೂನು ಕಟ್ಟುವ ರೂಢಿ ಬಿಡಿ. ಅವರ ಮೇಜಿಗೆ ರಬ್ಬರ್ ಬ್ಯಾಂಡಿನ ಬದಲು ಕ್ಲಿಪ್ಪು ಇಡಿ.

ಅವರ ಒಪ್ಪಿಗೆ ಪಡೆದು, ಹತ್ತಿರ ಕೂರುವ ನಾಲ್ಕು ಜನಕ್ಕೆ ಇಷ್ಟನ್ನು ಕಲಿಸಿ. ಉಸಿರು ಕಟ್ಟಿದರೆ, ಧ್ವನಿ ಒರಟಾದರೆ, ತಲೆ ಸುತ್ತಿ ಬಿದ್ದರೆ ಅದು ಅನಾಫಿಲ್ಯಾಕ್ಸಿಸ್. ಕೂಡಲೇ 108ಕ್ಕೆ ಕರೆ ಮಾಡಿ. ಅಂಗಾತ ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಿದ್ದರೆ ಕೂರಿಸಿ. ಎಬ್ಬಿಸಿ ನಡೆಸಬೇಡಿ. ಪ್ರಾಣ ಉಳಿಸುವ ಮದ್ದು ಅಡ್ರಿನಲಿನ್, ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಚುಚ್ಚುಮದ್ದು. ವೈದ್ಯರು ಅದನ್ನು ಬರೆದುಕೊಟ್ಟು, ಕೊಡುವ ಕ್ರಮ ಕಲಿಸಿದ್ದರೆ ಮೊದಲು ಅದನ್ನೇ ಕೊಡಿ. ನೆರವಿಗೆ ಬರುವವರು ಲೇಟೆಕ್ಸ್ ಗ್ಲೌಸ್ ಹಾಕಿ ಮುಟ್ಟದಂತೆ ಮೊದಲೇ ಹೇಳಿ.

ಕೊನೆಯದಾಗಿ ಎಲ್ಲ ಓದುಗರಿಗೂ ಒಂದು ಕೋರಿಕೆ. ನಿಮ್ಮಲ್ಲಿ ಯಾರಾದರೂ ಆಸ್ಪತ್ರೆಗೆ, ಕ್ಲಿನಿಕ್ಕಿಗೆ, ಹೋಟೆಲಿಗೆ, ಬ್ಯೂಟಿ ಪಾರ್ಲರಿಗೆ ಗ್ಲೌಸ್ ತರಿಸುವವರಿದ್ದರೆ, ಮುಂದಿನ ಆರ್ಡರಿನಲ್ಲಿ "ಪುಡಿ ಇಲ್ಲದ್ದು" ಎಂಬ ಎರಡು ಪದ ಸೇರಿಸಿ. ಸಾಧ್ಯವಾದರೆ "ಲೇಟೆಕ್ಸ್ ಇಲ್ಲದ್ದು" ಎಂದೂ ಬರೆಯಿರಿ. ಮಂಗಳೂರಿನ ಆ ಸಿಸ್ಟರಿನಂಥವರು ನಿಮ್ಮಲ್ಲೂ ಇರಬಹುದು. ಅವರ ಉಸಿರು ಆ ಒಂದು ಆರ್ಡರಿನ ಮೇಲೆ ನಿಂತಿದೆ.