ಕರುಳಿನ ಕ್ಯಾನ್ಸರಿಗೆ ನ್ಯಾನೊ ಔಷಧ: ಎಲ್ಲಿಯವರೆಗೆ ಬಂದಿದೆ?



ನ್ಯಾನೊ ಎಂಬ ಮಾತು ನಮ್ಮ ರೈತರಿಗೆ ಹೊಸದಲ್ಲ. 2021ರಿಂದ ನ್ಯಾನೊ ಯೂರಿಯಾದ ಅರ್ಧ ಲೀಟರ್ ಬಾಟಲಿಗಳು ಗೊಬ್ಬರದ ಅಂಗಡಿಗೆ ಬಂದಿವೆ. ಅದರ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಅದೇ ಹೆಸರು ಈಗ ಕ್ಯಾನ್ಸರ್ ಔಷಧದ ಜೊತೆಗೂ ಕೇಳಿಬರುತ್ತಿದೆ. "ಹೊಸ ಔಷಧ ಬರುತ್ತದಂತೆ, ಈ ಕೀಮೋ ಸಂಕಟ ಯಾಕೆ?" ಎಂದು ಚಿಕಿತ್ಸೆಯನ್ನು ನಡುವೆಯೇ ಬಿಡಲು ಯೋಚಿಸುವವರಿದ್ದಾರೆ. ಆದ್ದರಿಂದ ಈ ಸಲ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ನೋಡೋಣ.

ಈ ರೋಗಕ್ಕೆ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ. ಗಡ್ಡೆಯನ್ನು ತೆಗೆದ ಮೇಲೆ ಉಳಿದಿರಬಹುದಾದ ರೋಗಕಣಗಳನ್ನು ಕೊಲ್ಲಲು, ಅಥವಾ ರೋಗ ಹರಡಿದ್ದರೆ ತಡೆಯಲು, ಔಷಧ ಕೊಡುತ್ತಾರೆ. 1957ರಲ್ಲಿ ಬೆಳಕಿಗೆ ಬಂದ ಫ್ಲೂರೋಯುರಾಸಿಲ್ ಇಂದಿಗೂ ಇದರಲ್ಲಿ ಮೊದಲನೆಯದು. ತೊಂದರೆ ಏನೆಂದರೆ, ರಕ್ತಕ್ಕೆ ಸೇರಿದ ಔಷಧ ಮೈಯೆಲ್ಲ ಹರಿಯುತ್ತದೆ. ಒಂದು ಮೂಲೆಯ ಹುಳುವಿಗಾಗಿ ಇಡೀ ಹೊಲಕ್ಕೆ ಔಷಧ ಹೊಡೆದಂತೆ. ಬಾಯಿ ಹುಣ್ಣು, ಭೇದಿ, ರಕ್ತಕಣಗಳ ಇಳಿಕೆ ಇದರಿಂದಲೇ. ಆಕ್ಸಾಲಿಪ್ಲಾಟಿನ್ ಪಡೆದವರಿಗೆ ತಣ್ಣೀರು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಕ್ಯಾಪೆಸಿಟಾಬಿನ್ ಮಾತ್ರೆಯಿಂದ ಅಂಗೈ ಅಂಗಾಲು ಸುಲಿಯುವುದುಂಟು. ಕುಡುಗೋಲು ಹಿಡಿದು ಬದುಕುವವರಿಗೆ ಇದು ಸಣ್ಣ ಕಷ್ಟವಲ್ಲ.

ಗಿಡದ ಬುಡಕ್ಕೇ ಹನಿ ನೀರು ಬಿಡುವಂತೆ, ಔಷಧವನ್ನು ಗಡ್ಡೆಗೇ ತಲುಪಿಸಲಾಗದೇ? ಇದೇ ವಿಜ್ಞಾನಿಗಳ ಪ್ರಶ್ನೆ. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ಕೊಬ್ಬಿನಿಂದಲೋ ಪ್ರೋಟೀನಿನಿಂದಲೋ ಸುಮಾರು ನೂರು ನ್ಯಾನೊಮೀಟರ್ ಗಾತ್ರದ ಕಣ ಮಾಡಿ ಅದರೊಳಗೆ ಔಷಧ ತುಂಬುತ್ತಾರೆ. ಅಂಥ ಕಣಗಳನ್ನು ನೂರಾರು ಜೋಡಿಸಿದರೂ ಒಂದು ತಲೆಗೂದಲಿನ ದಪ್ಪವಾದೀತು, ಅಷ್ಟೇ.

ಕಣ ಗಡ್ಡೆಯಲ್ಲಿ ನಿಲ್ಲುವುದೇಕೆ? ಬೇಗ ಬೆಳೆಯುವ ಗಡ್ಡೆ ತನ್ನ ರಕ್ತನಾಳಗಳನ್ನು ಅವಸರದಲ್ಲಿ ಕಟ್ಟಿಕೊಳ್ಳುತ್ತದೆ. ಅವಸರದಲ್ಲಿ ಹಾಕಿದ ಕಾಲುವೆಯ ದಂಡೆಯಂತೆ ಅವು ಸೋರುತ್ತವೆ. ಸೋರಿದ್ದು ಹೊರಹೋಗಲು ಬಸಿಗಾಲುವೆಯೂ ಅಲ್ಲಿ ಸರಿಯಾಗಿರುವುದಿಲ್ಲ. ನಮ್ಮ ಕಾಲುವೆ ಕೆಳಗಿನ ತಗ್ಗು ಗದ್ದೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಜಪಾನಿನ ಮಾತ್ಸುಮುರ ಮತ್ತು ಮಯೇದ ಎಂಬವರು 1986ರಲ್ಲಿ ಇದನ್ನು ಪ್ರಕಟಿಸಿದರು. 1995ರಲ್ಲಿ ಅಮೆರಿಕದಲ್ಲಿ ಇಂಥ ಮೊದಲ ಕ್ಯಾನ್ಸರ್ ಔಷಧಕ್ಕೆ ಅನುಮತಿ ದೊರೆಯಿತು. ಹೃದಯಕ್ಕೆ ಆಗುತ್ತಿದ್ದ ಹಾನಿ ಅದರಿಂದ ಕಡಿಮೆಯಾಯಿತು. ಕರುಳಿನ ಕ್ಯಾನ್ಸರಿನಲ್ಲಿ ಬಳಸುವ ಇರಿನೊಟೆಕಾನ್ ಎಂಬ ಔಷಧಕ್ಕೂ 2015ರಲ್ಲಿ ಕೊಬ್ಬಿನ ಕಣದ ರೂಪ ಬಂತು. ಆದರೆ ಅನುಮತಿ ದೊರೆತದ್ದು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ.

ನಮಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ. ಗೋರಿಕಾಯಿ, ತೆಲುಗಿನವರ ಗೋರುಚಿಕ್ಕುಡು, ಎಲ್ಲರಿಗೂ ಗೊತ್ತು. ಅದರ ಬೀಜದಿಂದ ತೆಗೆಯುವ ಅಂಟನ್ನು ನಮ್ಮ ಜಠರ ಮತ್ತು ಸಣ್ಣ ಕರುಳು ಅರಗಿಸಲಾರವು. ದೊಡ್ಡ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಮಾತ್ರ ಅದನ್ನು ಒಡೆಯುತ್ತವೆ. ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದ ವಿಜ್ಞಾನಿಗಳು ಫ್ಲೂರೋಯುರಾಸಿಲ್ ಮಾತ್ರೆಗೆ ಈ ಅಂಟಿನ ಹೊದಿಕೆ ಹಾಕಿದ ಪ್ರಯೋಗವನ್ನು 2002ರಲ್ಲಿ ಪ್ರಕಟಿಸಿದರು. ಮಾತ್ರೆ ದೊಡ್ಡ ಕರುಳು ಮುಟ್ಟಿದ ಮೇಲೆಯೇ ಬಿಚ್ಚಿಕೊಳ್ಳಬೇಕೆಂಬುದು ಉದ್ದೇಶ. ಅದು ನ್ಯಾನೊ ಕಣವಲ್ಲ, ಪ್ರಯೋಗಶಾಲೆಯ ಪಾತ್ರೆಯಲ್ಲಿ ನಡೆದ ಪರೀಕ್ಷೆ. ಆದರೂ ದಾರಿ ಅದೇ. ಗೋರಿಕಾಯಿ ಪಲ್ಯ ತಿಂದರೆ ಕ್ಯಾನ್ಸರ್ ಗುಣವಾಗುತ್ತದೆಂದು ಯಾರೂ ತಿಳಿಯಬಾರದು.

ಇನ್ನು ಲೆಕ್ಕದ ಮಾತು. ಕೆನಡಾದ ಟೊರಾಂಟೊ ವಿಜ್ಞಾನಿಗಳು ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ನೋಡಿದಾಗ, ಕೊಟ್ಟ ನ್ಯಾನೊ ಕಣಗಳಲ್ಲಿ ಗಡ್ಡೆಗೆ ತಲುಪಿದ್ದು ಸಾಮಾನ್ಯವಾಗಿ ನೂರಕ್ಕೆ 0.7 ಭಾಗ ಮಾತ್ರ. ಬಹುಪಾಲನ್ನು ಯಕೃತ್ತು ಮತ್ತು ಗುಲ್ಮ ಹಿಡಿದುಕೊಳ್ಳುತ್ತವೆ. ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣ. ದೊಡ್ಡ ಕರುಳಿನ ಕ್ಯಾನ್ಸರಿನ ದಿನನಿತ್ಯದ ಚಿಕಿತ್ಸೆಯಲ್ಲಿ ನ್ಯಾನೊ ಕೀಮೋ ಇನ್ನೂ ನೆಲೆಯೂರಿಲ್ಲ. ಕಾದು ಕುಳಿತವರಿಗಾಗಿ ರೋಗ ಕಾಯುವುದಿಲ್ಲ.

ಕೀಮೋ ತಡೆಯಲಾರದಷ್ಟು ಕಷ್ಟವಾದರೆ ಮನೆಯಲ್ಲೇ ನಿರ್ಧರಿಸಿ ಬಿಡಬೇಡಿ, ವೈದ್ಯರಿಗೆ ಹೇಳಿ. ಅವರು ಪ್ರಮಾಣ ಇಳಿಸಬಹುದು, ಒಂದು ವಾರ ಮುಂದೂಡಬಹುದು, ಔಷಧವನ್ನೇ ಬದಲಿಸಬಹುದು.

ಇದಕ್ಕಿಂತ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುವುದು ತಡ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ, ನಾಚಿಕೆಯಿಂದ ಬಾಯಿಬಿಡದೆ, ಬಸ್ ನಿಲ್ದಾಣದ ಗೋಡೆಯ ಜಾಹೀರಾತು ನೋಡಿ ಔಷಧ ಮಾಡಿಸುವವರು ಬಹಳ. ಮೂಲವ್ಯಾಧಿಯೇ ಇರಬಹುದು, ಹೆಚ್ಚಿನವರಿಗೆ ಅದೇ. ಆದರೆ ರಕ್ತ ಮರಳಿ ಮರಳಿ ಬಂದರೆ, ಮಲವಿಸರ್ಜನೆಯ ರೀತಿ ವಾರಗಟ್ಟಲೆ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದು ರಕ್ತಹೀನತೆ ಕಂಡರೆ, ಕೊಲೊನೊಸ್ಕೋಪಿ ಬೇಕೇ ಎಂದು ವೈದ್ಯರನ್ನು ಕೇಳಿ. ಕೊಳವೆಯ ತುದಿಯ ಕ್ಯಾಮೆರಾದಿಂದ ಕರುಳಿನ ಒಳಗೆ ನೋಡುವ ಪರೀಕ್ಷೆ ಅದು. 2007ರಲ್ಲಿ ಆರೋಗ್ಯಶ್ರೀ ಎಂದು ಆರಂಭವಾಗಿ ಈಗ ಎನ್.ಟಿ.ಆರ್. ವೈದ್ಯಸೇವೆ ಎನಿಸಿರುವ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವವರು ಅಲ್ಲಿ ಈ ಕಾರ್ಡಿನಿಂದ ಏನು ಸಿಗುತ್ತದೆಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ. ಹಳೆಯ ಚೀಟಿ, ಸ್ಕ್ಯಾನ್, ಬಯಾಪ್ಸಿ ವರದಿಗಳನ್ನೆಲ್ಲ ಒಂದೇ ಚೀಲದಲ್ಲಿ ಒಯ್ಯಿರಿ.